ತುಂಬಿದ ಕೊಳಗ: ಫಿಲಿಪ್ಪೀನ್ಸಿನ ಒಂದು ಪೊಲೀಸ್ ಚಿತ್ರ ಮತ್ತು ಅದರ ಪ್ರೇಕ್ಷಕರು

ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ನಮ್ಮ ಸದಸ್ಯ ಕುಟುಂಬಗಳಿಗೆ ಫಿಲಿಪ್ಪೀನ್ಸಿನ ಜನರು ಅಪರಿಚಿತರಲ್ಲ. ಆಸ್ಪತ್ರೆಯಲ್ಲಿ ನಮ್ಮ ಮಕ್ಕಳನ್ನು ಮೊದಲು ಕೈಗೆತ್ತಿಕೊಂಡ ದಾದಿಯರು, ಕಚೇರಿಯಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿಗಳು, ಅಂಗಡಿಗಳಲ್ಲಿ ಲೆಕ್ಕ ಹಾಕಿಕೊಡುವ ತರುಣ ತರುಣಿಯರು, ಹೀಗೆ ಪ್ರತಿದಿನವೂ ಅವರನ್ನು ಕಾಣುತ್ತೇವೆ, ಮಾತನಾಡಿಸುತ್ತೇವೆ. ಆದರೂ ಅವರ ನಾಡಿನ ಇತಿಹಾಸ, ಅವರ ಗಾದೆಗಳು, ಅವರನ್ನು ನಗಿಸಿ ಅಳಿಸಿದ ಚಲನಚಿತ್ರಗಳು ಇವುಗಳ ಬಗ್ಗೆ ನಮ್ಮ ತಿಳಿವಳಿಕೆ ಅತ್ಯಲ್ಪ. ಅವರಲ್ಲಿ ಯಾರನ್ನಾದರೂ ‘ಕಾರ್ಡೊ ಗೊತ್ತೇ?’ ಎಂದು ಕೇಳಿ ನೋಡಿ, ಮುಖ ಅರಳುತ್ತದೆ. ಕಾರ್ಡೊ ಎಂಬುವನು ನಿಜವಾದ ಮನುಷ್ಯನಲ್ಲ, ಒಂದು ಪೊಲೀಸ್ ಸಾಹಸಕಥೆಯ ನಾಯಕ. ಮೊದಲು ಚಲನಚಿತ್ರವಾಗಿ, ಅನಂತರ ಸುಮಾರು ಏಳು ವರ್ಷಗಳ ಕಾಲ ನಡೆದ ಧಾರಾವಾಹಿಯಾಗಿ ಬಂದ ಆ ಕಥೆಯ ಹೆಸರು ‘ಆಂಗ್ ಪ್ರೊಬಿನ್ಸ್ಯಾನೊ’.

ಒಂದು ಜನಪ್ರಿಯ ಚಿತ್ರವನ್ನು ಪ್ರೇಕ್ಷಕರು ಹೇಗೆ ಸ್ವೀಕರಿಸಿದರು ಎಂಬುದನ್ನು ಇತಿಹಾಸದ ವಿಷಯವೆಂದು ನಾವು ಸಾಮಾನ್ಯವಾಗಿ ಭಾವಿಸುವುದಿಲ್ಲ. ಆದರೆ ಫಿಲಿಪ್ಪೀನ್ಸಿನ ಈ ಕಥೆಯನ್ನು ಹಿಂಬಾಲಿಸಿ ಹೊರಟರೆ ಆ ದೇಶದ ಚುನಾವಣೆಗಳು, ಪೊಲೀಸ್ ವ್ಯವಸ್ಥೆ, ಮಾದಕ ವಸ್ತುಗಳ ವಿರುದ್ಧದ ಕಾರ್ಯಾಚರಣೆ, ದೂರದರ್ಶನ ಸಂಸ್ಥೆಯೊಂದರ ಮುಚ್ಚುಗಡೆ ಎಲ್ಲವೂ ಒಂದೊಂದಾಗಿ ಎದುರಾಗುತ್ತವೆ. ಜನರು ತಮ್ಮ ಪೊಲೀಸರಿಗೆ ನೇರವಾಗಿ ಹೇಳಲಾಗದ ಮಾತನ್ನು ಈ ಚಿತ್ರಗಳ ಮೂಲಕ ಹೇಳಿದರು. ಆ ಮಾತು ಯಾವುದು, ಅದರಿಂದ ಏನಾಯಿತು ಎಂಬುದೇ ಈ ಲೇಖನದ ವಸ್ತು.

ಹಳ್ಳಿಗನೆಂಬ ಹೆಸರು

‘ಪ್ರೊಬಿನ್ಸ್ಯಾನೊ’ ಎಂಬುದು ಸ್ಪ್ಯಾನಿಷ್ ಮೂಲದ ಮಾತು. ‘ಪ್ರಾಂತದವನು’, ಅಂದರೆ ರಾಜಧಾನಿಯ ಹೊರಗಿನವನು ಎಂದು ಅರ್ಥ. ಮನಿಲಾದ ಜನರ ಬಾಯಲ್ಲಿ ಅದಕ್ಕೆ ಸ್ವಲ್ಪ ತಾತ್ಸಾರದ ಛಾಯೆಯೂ ಇದೆ. ನಾವು ‘ಹಳ್ಳಿ ಗಮಾರ’ ಎನ್ನುವಾಗ ಬರುವ ಧ್ವನಿಯೇ ಅದು. ಆ ಮಾತನ್ನೇ ಹೆಮ್ಮೆಯ ಬಿರುದಾಗಿ ತಿರುಗಿಸಿದವರು ನಟ, ನಿರ್ದೇಶಕ ಫರ್ನಾಂಡೋ ಪೋ ಜೂನಿಯರ್. 1990ರ ದಶಕದ ಉತ್ತರಾರ್ಧದಲ್ಲಿ ತೆರೆಕಂಡ ‘ಆಂಗ್ ಪ್ರೊಬಿನ್ಸ್ಯಾನೊ’ ಚಿತ್ರದಲ್ಲಿ ಅವಳಿ ಸಹೋದರರಿಬ್ಬರೂ ಪೊಲೀಸರು. ನಗರದಲ್ಲಿದ್ದ ಸಹೋದರ ದುಷ್ಟರ ಕೈಯಲ್ಲಿ ಹತನಾಗುತ್ತಾನೆ. ಪ್ರಾಂತದಿಂದ ಬಂದ ಇನ್ನೊಬ್ಬ ಸತ್ತವನ ಹೆಸರನ್ನೂ ಸಮವಸ್ತ್ರವನ್ನೂ ಧರಿಸಿ ಅವನ ಸ್ಥಾನದಲ್ಲಿ ನಿಂತು ಹಂತಕರನ್ನು ಹುಡುಕುತ್ತಾನೆ.

ಕಥೆ ಸರಳ. ಆದರೆ ಅದರೊಳಗೆ ಒಂದು ಸೂಕ್ಷ್ಮವಿದೆ. ಇಲಾಖೆಯೊಳಗಿನ ಪ್ರಾಮಾಣಿಕ ಪೊಲೀಸ ಸತ್ತಿದ್ದಾನೆ, ಅವನ ಜಾಗಕ್ಕೆ ಹೊರಗಿನಿಂದ ಬಂದವನು ಅವನ ವೇಷದಲ್ಲಿ ದುಡಿಯುತ್ತಿದ್ದಾನೆ. ಊರು ಬಿಟ್ಟು ಮನಿಲಾಕ್ಕೆ ಬಂದು ಕಾರ್ಖಾನೆಯಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುತ್ತಿದ್ದ ಲಕ್ಷಾಂತರ ಪ್ರೇಕ್ಷಕರಿಗೆ ಆ ನಾಯಕ ತಮ್ಮವನಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

‘ರಾಜ’ನೆಂದು ಕರೆಸಿಕೊಂಡ ನಟ

ಫರ್ನಾಂಡೋ ಪೋ ಜೂನಿಯರ್ ಜನಿಸಿದ್ದು 1939ರ ಆಗಸ್ಟ್ 20ರಂದು. ತಂದೆಯೂ ಪ್ರಸಿದ್ಧ ನಟ. 1951ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಇನ್ನೂ ಹನ್ನೆರಡು ವರ್ಷ. ಮುಂದೆ ಶಾಲೆಯನ್ನು ಅರ್ಧಕ್ಕೇ ಬಿಟ್ಟು ಚಿತ್ರರಂಗದಲ್ಲಿ ಸಣ್ಣಪುಟ್ಟ ಕೆಲಸಗಳನ್ನೂ ಸಾಹಸ ದೃಶ್ಯಗಳ ಬದಲಿ ನಟನ ಕೆಲಸವನ್ನೂ ಮಾಡಿದರು. 1950ರ ದಶಕದ ಮಧ್ಯಭಾಗದಲ್ಲಿ ನಾಯಕನಾದ ಮೇಲೆ ಸುಮಾರು ಐದು ದಶಕ ಅವರ ಜನಪ್ರಿಯತೆ ಕುಗ್ಗಲಿಲ್ಲ. ಜನ ಅವರನ್ನು ‘ಎಫ್‌ಪಿಜೆ’ ಎಂದೂ ‘ದ ಕಿಂಗ್’ ಎಂದೂ ಕರೆದರು. ರೊನ್ವಾಲ್ದೊ ರೆಯೆಸ್ ಎಂಬ ಹೆಸರಿನಲ್ಲಿ ನಿರ್ದೇಶನವನ್ನೂ ಮಾಡಿದರು.

ಅವರ ನಾಯಕ ಬೇಗ ಕೈಯೆತ್ತುವವನಲ್ಲ. ಮೊದಲು ಅವಮಾನವನ್ನು ನುಂಗುತ್ತಾನೆ, ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾನೆ, ಮೇಲಧಿಕಾರಿಗಳಲ್ಲಿ ಬಿನ್ನವಿಸಿಕೊಳ್ಳುತ್ತಾನೆ, ಸ್ನೇಹಿತರನ್ನು ಕಳೆದುಕೊಳ್ಳುತ್ತಾನೆ. ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆಯೇ ಅವನ ಪಿಸ್ತೂಲು ಹೊರಬರುತ್ತದೆ. ಚಿತ್ರಮಂದಿರದಲ್ಲಿ ಜನ ಕಾಯುತ್ತಿದ್ದುದು ಆ ಗಳಿಗೆಗಾಗಿ. ಆದರೆ ಆ ಗಳಿಗೆಗೆ ತೂಕ ಬರುತ್ತಿದ್ದುದು ಅದಕ್ಕೆ ಮೊದಲು ಅವನು ತೋರಿದ ತಾಳ್ಮೆಯಿಂದ.

1987ರಲ್ಲಿ ಬಂದ ಅವರ ಪೊಲೀಸ್ ಚಿತ್ರದ ಶೀರ್ಷಿಕೆಯೇ ಇದನ್ನು ಹೇಳುತ್ತದೆ. ‘ಕಾಪಾಗ್ ಪುನೊ ನಾ ಆಂಗ್ ಸಾಲೊಪ್’ ಎಂಬುದು ಒಂದು ಟಗಾಲೊಗ್ ಗಾದೆಯ ಮೊದಲರ್ಧ. ಸಾಲೊಪ್ ಎಂದರೆ ಅಕ್ಕಿ ಅಳೆಯುವ ಮಾಪು. ನಮ್ಮ ಹಳ್ಳಿಗಳ ಕೊಳಗ, ಬಳ್ಳ, ಸೇರುಗಳ ಬಂಧು. ಕೊಳಗ ತುಂಬಿ ಮೇಲೆ ಗೋಪುರ ಏರಿದಾಗ ಕೋಲಿನಿಂದಲೋ ಅಂಗೈಯಿಂದಲೋ ಸವರಿ ಸಮ ಮಾಡಬೇಕು ಎಂಬುದು ಗಾದೆಯ ತಾತ್ಪರ್ಯ. ಅನ್ಯಾಯವೂ ಹಾಗೆಯೇ, ಅಳತೆ ಮೀರಿದಾಗ ಯಾರಾದರೂ ಸವರಲೇಬೇಕು. ಆ ಚಿತ್ರದಲ್ಲಿ ಪೋ ಅವರದು ಪೊಲೀಸ್ ಸಾರ್ಜೆಂಟನ ಪಾತ್ರ. ಅವನಿಗೆ ಎದುರಾಗಿ ನಿಲ್ಲುವ ಭ್ರಷ್ಟ ನ್ಯಾಯಾಧೀಶನ ಪಾತ್ರವನ್ನು ಎಡ್ಡಿ ಗಾರ್ಸಿಯಾ ವಹಿಸಿದ್ದರು. ನ್ಯಾಯ ಕೊಡಬೇಕಾದ ಪೀಠದಲ್ಲಿಯೇ ಖಳನಾಯಕ ಕುಳಿತಿರುವುದನ್ನು ಪ್ರೇಕ್ಷಕರು ಯಾವ ಅಚ್ಚರಿಯೂ ಇಲ್ಲದೆ ಒಪ್ಪಿಕೊಂಡರು. ಚಿತ್ರಕ್ಕೆ ಮುಂದುವರಿದ ಭಾಗಗಳೂ ಬಂದವು. ಗಾದೆ ಹಳೆಯದೇ ಆದರೂ ಎಷ್ಟೋ ಜನರಿಗೆ ಇಂದು ಅದನ್ನು ಕೇಳಿದೊಡನೆ ಮೊದಲು ನೆನಪಾಗುವುದು ಆ ಚಿತ್ರವೇ.

ಆ ಕಾಲದ ಪೊಲೀಸರು

ಪ್ರೇಕ್ಷಕರ ಈ ಮನಃಸ್ಥಿತಿಯನ್ನು ಅರಿಯಲು ಆ ದೇಶದ ಪೊಲೀಸ್ ಇತಿಹಾಸದತ್ತ ಒಮ್ಮೆ ಕಣ್ಣುಹಾಯಿಸಬೇಕು. ಅಮೆರಿಕದ ಆಳ್ವಿಕೆಯ ಆರಂಭದಲ್ಲಿ, 1901ರಲ್ಲಿ, ‘ಫಿಲಿಪ್ಪೀನ್ ಕಾನ್‌ಸ್ಟಾಬುಲರಿ’ ಎಂಬ ಸಶಸ್ತ್ರ ದಳ ಸ್ಥಾಪನೆಯಾಯಿತು. ವಸಾಹತು ಆಡಳಿತಕ್ಕೆ ಎದುರು ನಿಂತ ಹಳ್ಳಿಗರನ್ನು ಹತ್ತಿಕ್ಕುವುದು ಅದರ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. 1972ರಲ್ಲಿ ಅಧ್ಯಕ್ಷ ಫರ್ಡಿನೆಂಡ್ ಮಾರ್ಕೋಸ್ ಸೈನಿಕ ಕಾನೂನನ್ನು ಜಾರಿಗೆ ತಂದರು. 1975ರಲ್ಲಿ ಪಟ್ಟಣ ಪಟ್ಟಣಗಳ ಪೊಲೀಸರನ್ನೆಲ್ಲ ಒಂದುಗೂಡಿಸಿ ಆ ಸಶಸ್ತ್ರ ದಳದ ಅಧೀನಕ್ಕೆ ಒಪ್ಪಿಸಲಾಯಿತು. ಹೀಗೆ ಪೊಲೀಸರಿಗೂ ಸೈನಿಕರಿಗೂ ಇದ್ದ ಗೆರೆ ಅಳಿಸಿಹೋಯಿತು. ಮುಂದಿನ ವರ್ಷಗಳಲ್ಲಿ ಬಂಧನ, ಚಿತ್ರಹಿಂಸೆ, ನಾಪತ್ತೆಗಳ ನೆನಪು ಸಮವಸ್ತ್ರದೊಡನೆ ಅಂಟಿಕೊಂಡಿತು.

1986ರ ಫೆಬ್ರುವರಿಯ ಜನಾಂದೋಲನದಿಂದ ಮಾರ್ಕೋಸ್ ಪದಚ್ಯುತರಾದರು. 1987ರ ಹೊಸ ಸಂವಿಧಾನವು ದೇಶಕ್ಕೆಲ್ಲ ಒಂದೇ ಪೊಲೀಸ್ ಪಡೆ ಇರಬೇಕು, ಅದು ಸೈನಿಕ ಸ್ವರೂಪದ್ದಾಗಿರದೆ ನಾಗರಿಕ ಸ್ವರೂಪದ್ದಾಗಿರಬೇಕು ಎಂದು ವಿಧಿಸಿತು. ಅದರಂತೆ ಫಿಲಿಪ್ಪೀನ್ ರಾಷ್ಟ್ರೀಯ ಪೊಲೀಸ್ ಪಡೆ ರೂಪುಗೊಂಡು 1991ರ ಜನವರಿಯಲ್ಲಿ ಕಾರ್ಯಾರಂಭ ಮಾಡಿತು. ಹಳೆಯ ಸಶಸ್ತ್ರ ದಳದ ಸಿಬ್ಬಂದಿ ಬಹುಪಾಲು ಅದರಲ್ಲಿಯೇ ಸೇರಿಹೋದರು.

ಪೋ ಅವರ ಪೊಲೀಸ್ ಚಿತ್ರಗಳು ಜನಮನ ಗೆದ್ದದ್ದು ಈ ಸಂಧಿಕಾಲದಲ್ಲಿ ಎಂಬುದು ಗಮನಾರ್ಹ. ಹಳೆಯ ಭಯ ಇನ್ನೂ ಹೋಗಿರಲಿಲ್ಲ, ಹೊಸ ಭರವಸೆ ಕಾಗದದ ಮೇಲಷ್ಟೇ ಇತ್ತು. ತೆರೆಯ ಮೇಲಿನ ಒಳ್ಳೆಯ ಪೊಲೀಸನಿಗೆ ಜನ ಚಪ್ಪಾಳೆ ತಟ್ಟುವಾಗ ಅದರಲ್ಲಿ ಹೊಗಳಿಕೆಯಷ್ಟೇ ಇರಲಿಲ್ಲ, ಹೊರಗೆ ನಿಂತ ಪೊಲೀಸನ ಮೇಲಿನ ದೂರೂ ಇತ್ತು.

ತೆರೆಯಿಂದ ಮತಗಟ್ಟೆಗೆ

ಫಿಲಿಪ್ಪೀನ್ಸಿನಲ್ಲಿ ಸಾಹಸ ಚಿತ್ರಗಳ ನಾಯಕರಿಗೂ ರಾಜಕಾರಣಕ್ಕೂ ಹಳೆಯ ನಂಟು. ಪೋ ಅವರ ಆಪ್ತ ಮಿತ್ರ, ನಟ ಜೋಸೆಫ್ ಎಸ್ತ್ರಾದಾ 1998ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಭ್ರಷ್ಟಾಚಾರದ ಆರೋಪಗಳ ನಡುವೆ 2001ರ ಜನವರಿಯಲ್ಲಿ ಅವರು ಅಧಿಕಾರ ಕಳೆದುಕೊಂಡಾಗ ಉಪಾಧ್ಯಕ್ಷೆಯಾಗಿದ್ದ ಗ್ಲೋರಿಯಾ ಮಕಾಪಗಲ್ ಅರೋಯೊ ಆ ಸ್ಥಾನಕ್ಕೆ ಬಂದರು. 2004ರ ಮೇ ತಿಂಗಳ ಚುನಾವಣೆಯಲ್ಲಿ ಅರೋಯೊ ಅವರೆದುರು ಪೋ ಅವರೇ ಸ್ಪರ್ಧಿಸಿದರು. ಶಾಲೆ ಮುಗಿಸದವರು, ಆಡಳಿತದ ಅನುಭವವಿಲ್ಲದವರು ಎಂದು ವಿದ್ಯಾವಂತ ವರ್ಗದ ಹಲವರು ಮೂದಲಿಸಿದರು. ಬಡವರ ಸಭೆಗಳಲ್ಲಿ ಜನಸಾಗರ ಸೇರಿತು. ಅಧಿಕೃತ ಎಣಿಕೆಯಲ್ಲಿ ಪೋ ಸುಮಾರು 11 ಲಕ್ಷ ಮತಗಳಿಂದ ಸೋತರು.

ಇಲ್ಲಿ ಅವರ ಇನ್ನೊಂದು ಪೊಲೀಸ್ ಚಿತ್ರವನ್ನು ನೆನೆಯಬೇಕು. 1980ರ ದಶಕದ ‘ಮುಸ್ಲಿಂ .357’ ಎಂಬ ಆ ಚಿತ್ರದಲ್ಲಿ ಪೋ ಅವರದು ಮುಸ್ಲಿಂ ಪೊಲೀಸ್ ಅಧಿಕಾರಿಯ ಪಾತ್ರ. ಆ ಅಭಿನಯಕ್ಕೆ ಅವರಿಗೆ ದೇಶದ ಹಳೆಯ ಚಿತ್ರಪ್ರಶಸ್ತಿಯಾದ ‘ಫಾಮಾಸ್’ನ ಶ್ರೇಷ್ಠ ನಟ ಗೌರವ ದೊರೆಯಿತು. ಕ್ರೈಸ್ತರೇ ಬಹುಸಂಖ್ಯಾತರಾದ, ದಕ್ಷಿಣದ ಮಿಂದನಾವೊ ದ್ವೀಪದಲ್ಲಿ ಮುಸ್ಲಿಂ ಬಂಡಾಯ ದಶಕಗಟ್ಟಲೆ ನಡೆದ ನಾಡಿನಲ್ಲಿ ಅತ್ಯಂತ ಜನಪ್ರಿಯ ನಟನೊಬ್ಬ ಅಂಥ ಪಾತ್ರವನ್ನು ಗೌರವದಿಂದ ನಿರ್ವಹಿಸಿದ್ದು ಸಣ್ಣ ಸಂಗತಿಯಲ್ಲ. ಮಿಂದನಾವೊದ ಮುಸ್ಲಿಮರಲ್ಲಿ ಅವರಿಗೆ ದೊಡ್ಡ ಅಭಿಮಾನಿ ಬಳಗವಿತ್ತು. ಆದರೆ 2004ರ ಅಧಿಕೃತ ಲೆಕ್ಕದಲ್ಲಿ ಅದೇ ದ್ವೀಪದ ಮಾಗಿಂದಾನಾವ್ ಪ್ರಾಂತದ ಕೆಲವು ಪಟ್ಟಣಗಳಲ್ಲಿ ಪೋ ಅವರಿಗೆ ಒಂದೇ ಒಂದು ಮತವೂ ಬಿದ್ದಿರಲಿಲ್ಲ. ಚಿತ್ರ ನೋಡಿದ್ದ ಜನರಿಗೆ ಆ ಸೊನ್ನೆಯನ್ನು ನಂಬುವುದು ಕಷ್ಟವಾಯಿತು.

ಪೋ 2004ರ ಡಿಸೆಂಬರ್ 14ರಂದು ಪಾರ್ಶ್ವವಾಯುವಿನಿಂದ ನಿಧನರಾದರು. ಅಂತಿಮ ಯಾತ್ರೆಗೆ ಮನಿಲಾದ ಬೀದಿಗಳು ತುಂಬಿದವು. ಮರುವರ್ಷ ಅಧ್ಯಕ್ಷೆ ಅರೋಯೊ ಮತ್ತು ಚುನಾವಣಾ ಆಯುಕ್ತರೊಬ್ಬರ ದೂರವಾಣಿ ಸಂಭಾಷಣೆಯೆನ್ನಲಾದ ಧ್ವನಿಮುದ್ರಿಕೆ ಬಯಲಾಯಿತು. ಅಧಿಕಾರಿಯೊಬ್ಬರಿಗೆ ಕರೆ ಮಾಡಿದ್ದು ತಪ್ಪಾಯಿತೆಂದು ಅರೋಯೊ ದೂರದರ್ಶನದಲ್ಲಿ ಕ್ಷಮೆ ಕೇಳಿದರೂ ಮೋಸ ನಡೆದಿಲ್ಲವೆಂದೇ ಹೇಳಿದರು. ಪೋ ಅವರ ಪತ್ನಿ, ಹಿರಿಯ ನಟಿ ಸೂಸಾನ್ ರೋಸೆಸ್, ಅರೋಯೊ ಪದತ್ಯಾಗ ಮಾಡಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. 2006ರಲ್ಲಿ ಅರೋಯೊ ಸರ್ಕಾರ ಪೋ ಅವರಿಗೆ ಮರಣೋತ್ತರವಾಗಿ ‘ರಾಷ್ಟ್ರೀಯ ಕಲಾವಿದ’ ಗೌರವ ಘೋಷಿಸಿದಾಗ ಕುಟುಂಬ ಅದನ್ನು ಸ್ವೀಕರಿಸಲಿಲ್ಲ. ಸರ್ಕಾರ ಬದಲಾದ ಮೇಲೆ, 2012ರಲ್ಲಿ, ಅದೇ ಗೌರವವನ್ನು ಸ್ವೀಕರಿಸಿತು.

ಒಬ್ಬನೇ ನಟ, ಎರಡು ಪೊಲೀಸ್ ಕಥೆಗಳು

2009ರಲ್ಲಿ ನಿರ್ದೇಶಕ ಬ್ರಿಯಾಂತೆ ಮೆಂಡೋಸಾ ಅವರ ‘ಕಿನಾತಾಯ್’ ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಬಂದಿತು. ಪೊಲೀಸ್ ಕೆಲಸಕ್ಕೆ ಸೇರಲು ಓದುತ್ತಿರುವ ಯುವಕನೊಬ್ಬ ಹಣದಾಸೆಗೆ ಒಂದು ರಾತ್ರಿಯ ಕೆಲಸಕ್ಕೆ ಹೋಗಿ, ಪೊಲೀಸರೇ ಸೇರಿರುವ ತಂಡವೊಂದು ಮಹಿಳೆಯನ್ನು ಅಪಹರಿಸಿ ಕೊಲ್ಲುವುದಕ್ಕೆ ಸಾಕ್ಷಿಯಾಗುವ ಕಥೆ ಅದು. ಅವನು ತಡೆಯುವುದಿಲ್ಲ, ಓಡಿಹೋಗುವುದೂ ಇಲ್ಲ. ಪ್ರಸಿದ್ಧ ವಿಮರ್ಶಕ ರೋಜರ್ ಎಬರ್ಟ್ ಅದನ್ನು ಕಟುವಾಗಿ ಖಂಡಿಸಿದರು. ತೀರ್ಪುಗಾರರು ಮೆಚ್ಚಿದರು. ಸ್ವದೇಶದ ಸಾಮಾನ್ಯ ಪ್ರೇಕ್ಷಕರನ್ನು ಮಾತ್ರ ಅದು ಹೆಚ್ಚಾಗಿ ತಲುಪಲಿಲ್ಲ. ಆ ಯುವಕನ ಪಾತ್ರ ವಹಿಸಿದ್ದವರು ಕೊಕೊ ಮಾರ್ಟಿನ್.

ಆರು ವರ್ಷಗಳ ತರುವಾಯ, 2015ರ ಸೆಪ್ಟೆಂಬರ್ 28ರಂದು, ಎಬಿಎಸ್-ಸಿಬಿಎನ್ ವಾಹಿನಿಯಲ್ಲಿ ‘ಎಫ್‌ಪಿಜೆಯ ಆಂಗ್ ಪ್ರೊಬಿನ್ಸ್ಯಾನೊ’ ಎಂಬ ಧಾರಾವಾಹಿ ಆರಂಭವಾಯಿತು. ನಾಯಕ ಕಾರ್ಡೊ ದಾಲಿಸಾಯ್ ಪಾತ್ರದಲ್ಲಿ ಅದೇ ಕೊಕೊ ಮಾರ್ಟಿನ್. ‘ದಾಲಿಸಾಯ್’ ಎಂದರೆ ಟಗಾಲೊಗ್‌ನಲ್ಲಿ ‘ಪರಿಶುದ್ಧ’. ಮೊದಲ ಕಥೆಯಲ್ಲಿ ಕೊಲೆಗೆ ಮೂಕಸಾಕ್ಷಿ, ಎರಡನೆಯದರಲ್ಲಿ ಅನ್ಯಾಯವನ್ನು ಸಹಿಸದ ವೀರ. ವಿದೇಶದ ಚಿತ್ರೋತ್ಸವ ಮೊದಲನೆಯದಕ್ಕೆ ಪ್ರಶಸ್ತಿ ಕೊಟ್ಟಿತು. ನಾಡಿನ ಜನ ಎರಡನೆಯವನನ್ನು ಪ್ರತಿ ರಾತ್ರಿ ಮನೆಯೊಳಗೆ ಬರಮಾಡಿಕೊಂಡರು.

ಜನರ ಈ ಆಯ್ಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಪೊಲೀಸರ ಕ್ರೌರ್ಯ ಹೇಗಿರುತ್ತದೆಂದು ಕೊಳೆಗೇರಿಯ ನಿವಾಸಿಗೆ ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದುದು, ಪೊಲೀಸ ಹೇಗಿದ್ದರೆ ತಾನು ನಿಶ್ಚಿಂತೆಯಿಂದ ಮಲಗಬಹುದು ಎಂಬುದರ ಚಿತ್ರ.

ಧಾರಾವಾಹಿ ಆರಂಭವಾದ ವರ್ಷವೂ ಅರ್ಥಪೂರ್ಣವಾದುದು. 2015ರ ಜನವರಿ 25ರಂದು ಮಿಂದನಾವೊದ ಮಾಮಾಸಾಪಾನೊ ಎಂಬಲ್ಲಿ ಭಯೋತ್ಪಾದಕರನ್ನು ಹಿಡಿಯಲು ಹೋದ ಪೊಲೀಸ್ ವಿಶೇಷ ಕಾರ್ಯಪಡೆಯ 44 ಮಂದಿ ಹತರಾಗಿದ್ದರು. ದೇಶವೆಲ್ಲ ಶೋಕಿಸಿತ್ತು. ಕಾರ್ಡೊ ಕೂಡ ಅದೇ ಪಡೆಯವನು. ಅವನ ಅಜ್ಜಿಯ ಪಾತ್ರದಲ್ಲಿ ಕಾಣಿಸಿಕೊಂಡವರು ಸೂಸಾನ್ ರೋಸೆಸ್. ಅಂದರೆ ಪೋ ಅವರ ಪತ್ನಿಯೇ ಪ್ರತಿ ರಾತ್ರಿ ಹೊಸ ನಾಯಕನ ತಲೆ ನೇವರಿಸಿ ಹರಸುತ್ತಿದ್ದರು. ಪ್ರೇಕ್ಷಕರಿಗೆ ಅದು ಉತ್ತರಾಧಿಕಾರದ ಮುದ್ರೆಯಂತೆ ಕಂಡಿತು. ಪೋ ಅವರ ದಾರಿಯಲ್ಲಿಯೇ ನಡೆದ ಕೊಕೊ ಮಾರ್ಟಿನ್ ಮುಂದೆ ನಿರ್ದೇಶನಕ್ಕೂ ಇಳಿದರು. ತೆರೆಯ ಹೆಸರನ್ನು ಬಿಟ್ಟು ರೊಡೆಲ್ ನಾಸ್ಯಾನ್ಸೆನೊ ಎಂಬ ತಮ್ಮ ಹುಟ್ಟುಹೆಸರಿನಲ್ಲಿ ನಿರ್ದೇಶಿಸಿದರು.

ದೇಶದ ಅತಿ ಹೆಚ್ಚು ವೀಕ್ಷಕರಿದ್ದ ಕಾರ್ಯಕ್ರಮಗಳ ಸಾಲಿನಲ್ಲಿ ಈ ಧಾರಾವಾಹಿ ವರ್ಷಗಟ್ಟಲೆ ಉಳಿಯಿತು. ಹೊರದೇಶಗಳಲ್ಲಿ ದುಡಿಯುತ್ತಿದ್ದ ಫಿಲಿಪ್ಪೀನ್ಸಿಗರಿಗೆ ‘ದ ಫಿಲಿಪಿನೋ ಚಾನೆಲ್’ ಅದನ್ನು ತಲುಪಿಸಿತು. ಮನೆಯಿಂದ ದೂರವಿರುವವನಿಗೆ ‘ಪ್ರಾಂತದವನು’ ಎಂಬ ಹೆಸರು ಇನ್ನೂ ಹತ್ತಿರದ್ದು. ಮನಿಲಾದವರ ಕಣ್ಣಿಗೆ ಕಾರ್ಡೊ ಹೇಗೋ, ಪರದೇಶದವರ ಕಣ್ಣಿಗೆ ತಾವೂ ಹಾಗೆಯೇ ಎಂದು ಅವರಿಗೆ ಅನ್ನಿಸಿದರೆ ತಪ್ಪೇನು? ಈ ಭಾವ ನಮಗೂ ಅರ್ಥವಾಗುವಂಥದೇ.

ಸರ್ಕಾರಕ್ಕೆ ಬಂದ ಸಿಟ್ಟು

2016ರ ಮೇ ತಿಂಗಳಲ್ಲಿ ದಾವೊ ನಗರದ ಮೇಯರ್ ರೊಡ್ರಿಗೊ ದುತೆರ್ತೆ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಮತ ಪಡೆದು ಅಧ್ಯಕ್ಷರಾದರು. ಮಾದಕ ವಸ್ತುಗಳ ದಂಧೆಯನ್ನು ಕೆಲವೇ ತಿಂಗಳಲ್ಲಿ ಮುಗಿಸುವೆನೆಂದೂ ಅಪರಾಧಿಗಳನ್ನು ಕೊಲ್ಲಲು ಹಿಂಜರಿಯುವುದಿಲ್ಲವೆಂದೂ ಬಹಿರಂಗವಾಗಿ ಸಾರಿದ್ದರು. ಮಾತಿನ ಧಾಟಿ ಸಾಹಸ ಚಿತ್ರದ ನಾಯಕನದೇ. ಮನೆಮನೆಯ ಕದ ತಟ್ಟಿ ಬೇಡಿಕೊಳ್ಳುವುದು ಎಂಬ ಅರ್ಥದ ‘ತೊಖಾಂಗ್’ ಎಂಬ ಹೆಸರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. ಅವರ ಆರು ವರ್ಷಗಳ ಅವಧಿಯಲ್ಲಿ ಪೊಲೀಸ್ ಕಾರ್ಯಾಚರಣೆಗಳಲ್ಲಿ ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿಯೇ 6,000 ಮೀರಿತು. ಮಾನವ ಹಕ್ಕುಗಳ ಸಂಘಟನೆಗಳ ಅಂದಾಜು ಇದಕ್ಕಿಂತ ಬಹಳ ಹೆಚ್ಚು. ಸತ್ತವರಲ್ಲಿ ಬಹುಪಾಲು ಜನ ಬಡವರು, ಕಾರ್ಡೊನನ್ನು ನೋಡುತ್ತಿದ್ದ ಬೀದಿಗಳವರು.

ಧಾರಾವಾಹಿಯ ಕಥೆಯೂ ಅಷ್ಟರಲ್ಲಿ ಮೇಲಕ್ಕೇರಿತ್ತು. ಬೀದಿಯ ಕಳ್ಳರಿಂದ ಆರಂಭಿಸಿದ ಕಾರ್ಡೊ ಮಾದಕ ವಸ್ತುಗಳ ಒಡೆಯರನ್ನು ಹಿಂಬಾಲಿಸುತ್ತ ರಾಜಕಾರಣಿಗಳನ್ನೂ ಪೊಲೀಸ್ ಪಡೆಯ ಮುಖ್ಯಸ್ಥನನ್ನೂ ತಲುಪಿದ. ಕಥೆಯೊಳಗಿನ ಆ ಮುಖ್ಯಸ್ಥ ಭ್ರಷ್ಟ, ಕಾರ್ಡೊ ಅವನ ದೃಷ್ಟಿಯಲ್ಲಿ ದೇಶದ್ರೋಹಿ. 2018ರ ನವೆಂಬರಿನಲ್ಲಿ ನಿಜವಾದ ಪೊಲೀಸ್ ಮುಖ್ಯಸ್ಥ ಆಸ್ಕರ್ ಆಲ್ಬಾಯಾಲ್ದೆ ಈ ಚಿತ್ರಣದಿಂದ ಇಲಾಖೆಯ ಗೌರವಕ್ಕೆ ಧಕ್ಕೆಯಾಗುತ್ತಿದೆಯೆಂದು ಆಕ್ಷೇಪಿಸಿದರು. ಅದುವರೆಗೆ ಚಿತ್ರೀಕರಣಕ್ಕೆ ಕೊಡುತ್ತಿದ್ದ ಸಹಾಯವನ್ನು ಪೊಲೀಸ್ ಇಲಾಖೆ ಹಿಂತೆಗೆದುಕೊಂಡಿತು. ಒಳಾಡಳಿತ ಸಚಿವ ಎದುವಾರ್ದೊ ಆನ್ಯೊ ಕಥೆಯನ್ನು ಬದಲಿಸದಿದ್ದರೆ ಕಾನೂನು ಕ್ರಮ ಕೈಗೊಳ್ಳುವುದಾಗಿ ಎಚ್ಚರಿಸಿದರು. ಇದು ಕಲ್ಪಿತ ಕಥೆಯೆಂದು ವಾಹಿನಿ ಉತ್ತರಿಸಿತು. ಸೆನೆಟಿನಲ್ಲಿಯೂ ಧಾರಾವಾಹಿಯ ಪರವಾಗಿ ದನಿಗಳೆದ್ದವು. ಕೊನೆಗೆ ಮಾತುಕತೆಯಿಂದ ವಿವಾದ ತಣ್ಣಗಾಯಿತು.

ಅದೇ ನವೆಂಬರಿನ 29ರಂದು ಮನಿಲಾ ಸಮೀಪದ ಕಾಲೋಕಾನ್ ನಗರದ ನ್ಯಾಯಾಲಯವೊಂದು ಮೂವರು ಪೊಲೀಸರನ್ನು ಕೊಲೆ ಅಪರಾಧಿಗಳೆಂದು ಘೋಷಿಸಿತು. 2017ರ ಆಗಸ್ಟ್‌ನಲ್ಲಿ ಅವರು ಕೊಂದದ್ದು 17 ವರ್ಷದ ವಿದ್ಯಾರ್ಥಿಯೊಬ್ಬನನ್ನು. ಹುಡುಗ ಗುಂಡು ಹಾರಿಸಿ ಎದುರಿಸಿದನೆಂಬುದು ಪೊಲೀಸರ ಹೇಳಿಕೆಯಾಗಿತ್ತು. ಯುವಕನೊಬ್ಬನನ್ನು ಎಳೆದೊಯ್ಯುತ್ತಿರುವುದು ಬೀದಿಯ ಕಣ್ಗಾವಲು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಕಥೆಯೊಳಗಿನ ಪೊಲೀಸರ ಬಗ್ಗೆ ಇಲಾಖೆ ನೊಂದುಕೊಂಡ ತಿಂಗಳಲ್ಲಿಯೇ ನಿಜಜೀವನದ ಪೊಲೀಸರ ಮೇಲೆ ಈ ತೀರ್ಪು ಬಂದಿತು. ಮರುವರ್ಷ ಅಕ್ಟೋಬರಿನಲ್ಲಿ ಆಲ್ಬಾಯಾಲ್ದೆ ಅವರೇ ಹುದ್ದೆಯಿಂದ ಕೆಳಗಿಳಿಯಬೇಕಾಯಿತು. ಹಿಂದೆ ಅವರ ಅಧೀನದಲ್ಲಿದ್ದ ಪೊಲೀಸರು ವಶಪಡಿಸಿಕೊಂಡ ಮಾದಕ ವಸ್ತುವನ್ನೇ ಮಾರಿಕೊಂಡರೆಂಬ ಆರೋಪದ ಬಗ್ಗೆ ಸೆನೆಟಿನಲ್ಲಿ ವಿಚಾರಣೆ ನಡೆದಿತ್ತು. ತಮ್ಮ ಮೇಲಿನ ಆರೋಪಗಳನ್ನು ಅವರು ನಿರಾಕರಿಸಿದರು.

ವಾಹಿನಿ ಮುಚ್ಚಿದ ಮೇಲೆಯೂ

2020ರ ಮೇ 5ರಂದು, ಕೊರೊನಾ ದಿಗ್ಬಂಧನದ ನಡುವೆ, ಪರವಾನಗಿಯ ಅವಧಿ ಮುಗಿಯಿತೆಂಬ ಕಾರಣದಿಂದ ಎಬಿಎಸ್-ಸಿಬಿಎನ್ ಪ್ರಸಾರವನ್ನು ನಿಲ್ಲಿಸಲು ಆದೇಶ ಬಂದಿತು. 1972ರಲ್ಲಿ ಮಾರ್ಕೋಸ್ ಕೂಡ ಇದೇ ಸಂಸ್ಥೆಯನ್ನು ಮುಚ್ಚಿಸಿದ್ದರು. ದುತೆರ್ತೆ ಈ ವಾಹಿನಿಯ ಮೇಲಿನ ಅಸಮಾಧಾನವನ್ನು ಹಿಂದಿನಿಂದಲೂ ಮುಚ್ಚಿಟ್ಟಿರಲಿಲ್ಲ. ಜುಲೈ 10ರಂದು ಪ್ರತಿನಿಧಿ ಸಭೆಯ ಸಮಿತಿ 70–11 ಮತಗಳಿಂದ ಹೊಸ ಪರವಾನಗಿಯನ್ನು ನಿರಾಕರಿಸಿತು. ಇದಕ್ಕೆ ಧಾರಾವಾಹಿಯೇ ಕಾರಣವೆಂದು ಹೇಳುವಂತಿಲ್ಲ, ವಾಹಿನಿಯ ಸುದ್ದಿ, ಚುನಾವಣಾ ಜಾಹೀರಾತು ಮುಂತಾದ ಬೇರೆ ಜಗಳಗಳೂ ಇದ್ದವು. ಆದರೆ ಕಾರ್ಡೊನ ಮನೆಯೇ ಮುಚ್ಚಿಹೋದದ್ದು ಸತ್ಯ. ಕಥೆ ಮಾತ್ರ ಕೇಬಲ್ ಮತ್ತು ಅಂತರ್ಜಾಲದಲ್ಲಿ ಮುಂದುವರಿಯಿತು. 2022ರ ಮೇ 20ರಂದು ಸೂಸಾನ್ ರೋಸೆಸ್ ತೀರಿಕೊಂಡರು. ಜೂನ್ 30ರಂದು ದುತೆರ್ತೆಯವರ ಅವಧಿ ಮುಗಿಯಿತು. ಆಗಸ್ಟ್ 12ರಂದು, 1,696 ಕಂತುಗಳ ತರುವಾಯ, ಧಾರಾವಾಹಿ ಮುಕ್ತಾಯವಾಯಿತು. ಆ ಅಧ್ಯಕ್ಷರ ಆಡಳಿತಕ್ಕೆ ಮೊದಲೇ ಆರಂಭವಾದ ಕಥೆ ಅದು ಮುಗಿದ ಮೇಲೆಯೇ ಮುಗಿಯಿತು. 2025ರ ಮಾರ್ಚ್ 11ರಂದು ದುತೆರ್ತೆಯವರನ್ನು ಬಂಧಿಸಿ ಹೇಗ್ ನಗರದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಕಳುಹಿಸಲಾಯಿತು.

ಸವರುವ ಕೋಲು ಯಾರ ಕೈಯಲ್ಲಿ?

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಕಾರ್ಡೊನನ್ನು ಪ್ರೀತಿಸಿದ ಜನರಲ್ಲಿಯೇ ಅಸಂಖ್ಯ ಮಂದಿ ದುತೆರ್ತೆಗೂ ಮತ ಹಾಕಿದರು. ಹಾಗಾದರೆ ಚಿತ್ರಗಳೇ ಜನರನ್ನು ಹಿಂಸೆಗೆ ಒಗ್ಗಿಸಿದವೇ? ನ್ಯಾಯಾಲಯ ಕೈಕೊಟ್ಟಾಗ ಪಿಸ್ತೂಲೇ ತೀರ್ಪು ಎಂದು ದಶಕಗಟ್ಟಲೆ ನೋಡಿದ ಕಣ್ಣಿಗೆ ಬೀದಿಯ ಹೆಣ ಸಹಜವಾಗಿ ಕಂಡಿತೇ? ಈ ಶಂಕೆಯನ್ನು ಲಘುವಾಗಿ ತಳ್ಳಿಹಾಕಲಾಗದು. ತಾಳ್ಮೆಗೆಟ್ಟ ಒಂಟಿ ವೀರನ ಕಥೆಯಲ್ಲಿ ಅಪಾಯವೊಂದು ಅಡಗಿಯೇ ಇದೆ. ತಪ್ಪಿತಸ್ಥ ಯಾರೆಂಬುದು ತೆರೆಯ ಮೇಲೆ ನಮಗೆ ಮೊದಲೇ ಗೊತ್ತಿರುತ್ತದೆ. ಬೀದಿಯಲ್ಲಿ ಅದನ್ನು ತಿಳಿಯಲು ಸಾಕ್ಷಿ, ವಿಚಾರಣೆ, ತೀರ್ಪುಗಳ ನಿಧಾನವಾದ ದಾರಿಯಲ್ಲದೆ ಬೇರೆ ಉಪಾಯವಿಲ್ಲ. ಆ ಹದಿನೇಳರ ಹುಡುಗನಿಗೆ ತಪ್ಪಿದ್ದು ಈ ದಾರಿಯೇ.

ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಪೋ ಅವರ ನಾಯಕನ ಗುರಿ ಸಾಮಾನ್ಯವಾಗಿ ಮೇಲಕ್ಕಿತ್ತು. ನ್ಯಾಯಾಧೀಶ, ಭೂಮಾಲೀಕ, ಮೇಲಧಿಕಾರಿ, ರಾಜಕಾರಣಿ. ಮಾದಕ ವಸ್ತುಗಳ ಕಾರ್ಯಾಚರಣೆಯ ಗುಂಡು ಬಿದ್ದದ್ದು ಕೆಳಗೆ, ಸೈಕಲ್ ಗಾಡಿ ತುಳಿಯುವವರ, ಕೂಲಿಗಳ ಮೇಲೆ. ಎರಡೂ ಒಂದೇ ಭಾಷೆಯನ್ನು ಬಳಸಿದವು, ದಿಕ್ಕು ಮಾತ್ರ ಬೇರೆ. ಕಾರ್ಯಾಚರಣೆಯನ್ನು ಮೊದಲು ಮುನ್ನಡೆಸಿದ್ದ ಪೊಲೀಸ್ ಮುಖ್ಯಸ್ಥ ರೊನಾಲ್ಡ್ ದೆಲಾ ರೋಸಾ ಅವರ ಜೀವನವನ್ನು ಆಧರಿಸಿದ ಸಾಹಸ ಚಿತ್ರವೊಂದು 2019ರ ಆರಂಭದಲ್ಲಿ ತೆರೆಕಂಡಿತು. ಅದು ಜನರನ್ನು ಚಿತ್ರಮಂದಿರಕ್ಕೆ ಸೆಳೆಯಲಿಲ್ಲ. ಆದರೂ ಅದೇ ಮೇ ತಿಂಗಳಲ್ಲಿ ಅವರು ಸೆನೆಟಿಗೆ ಆಯ್ಕೆಯಾದರು. ಪ್ರೇಕ್ಷಕನಾಗಿ ಒಪ್ಪದ್ದನ್ನು ಮತದಾರನಾಗಿ ಒಪ್ಪಿದ ಜನರ ಮನಸ್ಸು ಒಂದೇ ಸೂತ್ರಕ್ಕೆ ಸಿಲುಕುವಂಥದಲ್ಲ.

ಸಾಲೊಪಿನ ಗಾದೆಯಲ್ಲಿ ಒಂದು ಮಾತು ಹೇಳದೆ ಉಳಿದಿದೆ. ಕೊಳಗ ತುಂಬಿದಾಗ ಸವರಬೇಕು ಸರಿ, ಆದರೆ ಕೋಲು ಯಾರ ಕೈಯಲ್ಲಿರಬೇಕು? ಸಂತೆಯಲ್ಲಿ ಅಳೆಯುವವನೂ ಕೊಳ್ಳುವವನೂ ಎದುರುಬದುರು ನಿಂತಿರುತ್ತಾರೆ. ಇಬ್ಬರ ಕಣ್ಣೆದುರಿಗೆ ಸವರಿದ ಅಳತೆಗೆ ಮಾತ್ರ ಬೆಲೆ. ಕತ್ತಲಲ್ಲಿ ಒಬ್ಬನೇ ಸವರಿದರೆ ಅದು ನ್ಯಾಯವೋ ಕಳವೋ ಹೇಳುವವರು ಯಾರು? ಕಾರ್ಡೊನ ಕಥೆ ಕಲ್ಪಿತವೇ ಆದರೂ ಲಕ್ಷಾಂತರ ಜನರ ಕಣ್ಣೆದುರಿಗೆ ನಡೆಯಿತು. ಆಳುವವರಿಗೆ ಅದು ಸಹ್ಯವಾಗದಿದ್ದುದಕ್ಕೆ ಬಹುಶಃ ಕಾರಣವೂ ಅದೇ.

ಅನ್ಯದೇಶದ ಸಿನಿಮಾ ಇತಿಹಾಸ ನಮಗೇಕೆ ಎಂದು ಕೇಳುವ ಹಿರಿಯರೂ, ಸಾಹಸ ಚಿತ್ರವೆಂದರೆ ಹೊಡೆದಾಟವಷ್ಟೇ ಎಂದು ತಿಳಿದ ಕಿರಿಯರೂ ನಮ್ಮ ಸಂಘದಲ್ಲಿದ್ದಾರೆ. ನಾವು ಯಾವ ನಾಯಕನಿಗೆ ಶಿಳ್ಳೆ ಹೊಡೆಯುತ್ತೇವೋ ಅವನ ಮೂಲಕ ನಾವು ಏನನ್ನು ಬೇಡುತ್ತಿದ್ದೇವೆ, ಏನಕ್ಕೆ ಅನುಮತಿ ಕೊಡುತ್ತಿದ್ದೇವೆ ಎಂಬ ಪ್ರಶ್ನೆ ಎಲ್ಲ ನಾಡಿನ ಪ್ರೇಕ್ಷಕರಿಗೂ ಸಲ್ಲುವುದು. ಮನೆಯಲ್ಲಿ ಮಕ್ಕಳೊಡನೆ ಪೊಲೀಸ್ ಚಿತ್ರವೊಂದನ್ನು ನೋಡಿದ ಮೇಲೆ ಐದು ನಿಮಿಷ ಈ ಪ್ರಶ್ನೆಯನ್ನು ಚರ್ಚಿಸಬಹುದು. ಮರುದಿನ ಕಚೇರಿಯಲ್ಲಿ ಫಿಲಿಪ್ಪೀನ್ಸಿನ ಸ್ನೇಹಿತರನ್ನು ಕಾರ್ಡೊನ ಬಗ್ಗೆ ಕೇಳಬಹುದು. ನಮಗೆ ತಿಳಿಯದ ಎಷ್ಟೋ ಸಂಗತಿಗಳನ್ನು ಅವರು ಹೇಳಬಲ್ಲರು, ಮತ್ತು ಕೇಳಿದ್ದಕ್ಕೆ ಖಂಡಿತ ಸಂತೋಷಪಡುವರು.